ಆನೆಗುಂಡಿನ ಸುತ್ತುದಾರಿ

"ಅಮ್ಮ, ಸಾಧನೆಗೆ ಬಿಗಿಯಾದ ನೇಮ ಒಳ್ಳೆಯದೋ, ಹಗುರವಾದ ನಡೆ ಒಳ್ಳೆಯದೋ?" ಎಂದು ನಾಗಲಿಂಗ ಕೇಳಿದ.

ಸಿದ್ದಮ್ಮನವರು ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಆ ಪುಟ್ಟ ಮಠಕ್ಕೆ ಗುರುವೂ ಅವರೇ, ಅಡುಗೆಯವರೂ ಅವರೇ. ಓದಿದ್ದು ಎರಡನೇ ಕ್ಲಾಸು. ನಾಗಲಿಂಗ ಬಂದು ಎಂಟು ತಿಂಗಳಾದ ಶಿಷ್ಯ. ಈಚೆಗೆ ದಿನಕ್ಕೆ ಒಂದೇ ಹೊತ್ತು ಉಣ್ಣುವ ನೇಮ ಹಿಡಿದಿದ್ದ. ತಲೆ ತಗ್ಗಿಸಿಯೇ ಕೇಳಿದ್ದ, ಆದರೆ ಉತ್ತರ ಯಾವುದು ಬರಬೇಕು ಎಂಬುದನ್ನೂ ತಾನೇ ಗೊತ್ತು ಮಾಡಿಕೊಂಡು ಬಂದವನ ಹಾಗಿದ್ದ.

"ಒಂದೇ ಮಾತಲ್ಲಿ ಹೇಳಿಬಿಡಿ ಅಮ್ಮ" ಎಂದ.

"ಒಂದೇ ಮಾತಲ್ಲಿ ಹೇಳೋಕೆ ನಾನೇನು ಬಸ್ಸಿನ ಬೋರ್ಡೇನಪ್ಪ? ಕೂತ್ಕೊ. ಆ ಕಡೆ ಕಾಯಿ ನೀನು ಸುಲಿ" ಎಂದರು ಸಿದ್ದಮ್ಮ. ಆಮೇಲೆ ಈ ಕತೆ ಹೇಳಿದರು.

ಒಂದು ಬೆಟ್ಟ. ತಲೆಯಿಂದ ಬುಡದವರೆಗೆ ಬರೀ ಬಂಡೆ. ಬುಡದಲ್ಲಿ ಒಂದು ಊರು. ಪಟ್ಟಣದವರು ಬೆಟ್ಟ ಹತ್ತಲು ಬರುತ್ತಾರೆ, ಊರಿನ ಗಂಡಸರು ದಾರಿ ತೋರಿಸಿ ಹೊಟ್ಟೆ ಹೊರೆಯುತ್ತಾರೆ. ಬೆಟ್ಟಕ್ಕೆ ಹೋಗಲು ಒಂದೇ ಬಾಗಿಲು, ಅರಣ್ಯದವರು ಹಾಕಿದ ಕಬ್ಬಿಣದ ಗೇಟು. ಗೇಟಿನ ಪಕ್ಕಕ್ಕೆ ಅರಳಿಕಟ್ಟೆ. ಕಟ್ಟೆಯ ಎದುರಿಗೆ ಪಾಪಕ್ಕನ ಟೀ ಅಂಗಡಿ. ಆ ಅಂಗಡಿಯಲ್ಲಿ ಟೀ ಆರಿದರೂ ಮಾತು ಆರುವುದಿಲ್ಲ.

ಕಟ್ಟೆಯ ಮೇಲೆ ಮುನೇಶ್ವರನ ಕಲ್ಲು. ಹಾಗಾಗಿ ಯಾರೂ ಮೆಟ್ಟು ಹಾಕಿಕೊಂಡು ಹತ್ತುವಂತಿಲ್ಲ. ದಾರಿ ತೋರಿಸುವವರು ಕಾಲಿನದ್ದನ್ನು ಕೆಳಗೆ ಸಾಲಾಗಿ ಬಿಟ್ಟು ಮೇಲೆ ಕೂರುತ್ತಾರೆ. ಬಂದ ಗಿರಾಕಿಗಳು ಮುಖ ನೋಡುವುದಿಲ್ಲ, ಸಾಲು ನೋಡುತ್ತಾರೆ. ಈ ಬೂಟು ಯಾರದ್ದು, ಆ ಶೂ ಯಾರದ್ದು ಎಂದು ಕೇಳಿ ಆಳನ್ನು ಆರಿಸಿಕೊಳ್ಳುತ್ತಾರೆ. ಹೀಗೆ ಆ ಊರಿನಲ್ಲಿ ಯಾರ ಕಾಲಿಗೆ ಯಾವುದು ಎಂಬುದು ಹೆಣ್ಣುಮಕ್ಕಳಿಗೂ ಬಾಯಿಪಾಠ. ಮಣ್ಣಿನ ಮೇಲೆ ಬಿದ್ದ ಗುರುತು ನೋಡಿ ಇಂಥವನು ಇಂಥ ಕಡೆ ಹೋಗಿದ್ದಾನೆ ಎಂದು ಹೇಳುವಷ್ಟು.

ಆ ಸಾಲಿನಲ್ಲಿ ಎರಡು ಜೊತೆ ಎದ್ದು ಕಾಣುತ್ತಿದ್ದವು. ಒಂದು ಚೌಡಪ್ಪನದು, ಒಂದು ತಿಮ್ಮೇಶನದು. ಇಬ್ಬರೂ ಷಡ್ಡಕರು. ಅಕ್ಕ ಆಂಜಿನಮ್ಮ ಚೌಡಪ್ಪನ ಹೆಂಡತಿ, ತಂಗಿ ಸಾಕಮ್ಮ ತಿಮ್ಮೇಶನ ಹೆಂಡತಿ.

ಚೌಡಪ್ಪನಿಗೆ ನಲವತ್ತೆಂಟು. ಅವನದು ಬೂಟು. ಕಾಲಿನ ಗಿಣ್ಣು ಮುಚ್ಚುವ ದಪ್ಪ ತೊಗಲು, ಅಡಿಗೆ ಹಲಗೆಯಂಥ ಅಟ್ಟೆ. ಬೆನ್ನ ಮೇಲೆ ಮೂಟೆ ಹೊತ್ತು ಜಾರುಗಲ್ಲಿನ ಇಳಿಜಾರಿನಲ್ಲಿ ಇಳಿದರೂ ಗಿಣ್ಣು ಹೊರಳುತ್ತಿರಲಿಲ್ಲ. ಮುಳ್ಳು ಚುಚ್ಚುತ್ತಿರಲಿಲ್ಲ. ತಿಮ್ಮೇಶ ಮೂವತ್ತೈದರವನು. ಅವನದು ಓಟದ ಶೂ. ಮೇಲೆ ಬಲೆಯಂಥ ಬಟ್ಟೆ, ಕೆಳಗೆ ಬಂಡೆಗೆ ಕಚ್ಚಿಕೊಳ್ಳುವ ಮೆತ್ತನೆ ರಬ್ಬರು. ಒಂದು ಕಡೆಯಿಂದ ಬಂದ ನೀರು ಇನ್ನೊಂದು ಕಡೆಯಿಂದ ಹೋಗುತ್ತಿತ್ತು. ಅದನ್ನು ಹಾಕಿಕೊಂಡು ಅವನು ಬೆಟ್ಟದ ಓಟದಲ್ಲಿ ಎರಡು ಸಲ ಗೆದ್ದಿದ್ದ.

ಮೊದಮೊದಲು ಇಬ್ಬರಿಗೂ ಬುದ್ಧಿ ಇತ್ತು. ಭಾರ ಹೊರುವ ದಿನ ತಿಮ್ಮೇಶ ಚೌಡಪ್ಪನ ಹಳೇ ಬೂಟು ಕೇಳಿ ಹಾಕಿಕೊಳ್ಳುತ್ತಿದ್ದ. ಹಳ್ಳ ದಾಟುವ ದಿನ ಚೌಡಪ್ಪ ಬೂಟು ಮನೆಯಲ್ಲಿಟ್ಟು ಯಾವುದೋ ಹರಕು ಕ್ಯಾನ್ವಾಸು ಸಿಕ್ಕಿಸಿಕೊಂಡು ಹೋಗುತ್ತಿದ್ದ. ಬೂಟಿನ ಬಾಯಿಂದ ನೀರು ನುಗ್ಗಿದರೆ ಅದು ಹೊರಗೆ ಬರುವುದಿಲ್ಲ, ಎರಡು ಕಾಲಿಗೆ ಎರಡು ಬಿಂದಿಗೆ ಕಟ್ಟಿಕೊಂಡ ಹಾಗೆ ಎಂದು ಅವನೇ ಗಿರಾಕಿಗಳಿಗೆ ಹೇಳುತ್ತಿದ್ದ. ಹೇಳುವಾಗ ಯಾರಿಗೂ ಮಾನ ಹೋಗುತ್ತಿರಲಿಲ್ಲ.

ಒಂದು ದಿನ ಟೀ ಕುಡಿಯುತ್ತ ಕೂತ ಗಿರಾಕಿಯೊಬ್ಬ ಬೂಟು ಒಳ್ಳೆಯದೋ ಶೂ ಒಳ್ಳೆಯದೋ ಎಂದು ಕೇಳಿದ. ಕೇಳಿದವನು ಟೀ ಕುಡಿದು ಹೋದ. ಪಾಪಕ್ಕ ಬಿಡಬೇಕಲ್ಲ. ಇಬ್ಬರೂ ಇಲ್ಲೇ ಇದ್ದೀರಿ, ಹೇಳಿ ನೋಡೋಣ ಎಂದಳು. ನಾಲ್ಕು ಜನ ಇತ್ತ ತಿರುಗಿದರು. ನಾಲ್ಕು ಜನ ತಿರುಗಿದ ಮೇಲೆ ಯಾವ ಗಂಡಸು ಸೋಲುತ್ತಾನೆ? ಚೌಡಪ್ಪ ಬೂಟೇ ಎಂದ. ತಿಮ್ಮೇಶ ಶೂನೇ ಎಂದ. ಆವತ್ತಿನಿಂದ ಊರು ಎರಡು ಪಾಲು. ಶೂ ಕಡೆಯವರು ಬೂಟಿನ ಕಡೆಯವರಿಗೆ ಲಾಳ ಕಟ್ಟಿಸಿಕೊಂಡ ಎತ್ತುಗಳು ಎಂದರು. ಬೂಟಿನ ಕಡೆಯವರು ಶೂ ಕಡೆಯವರಿಗೆ ಕಾಲುಚೀಲದಲ್ಲಿ ಓಡಾಡುವ ದೊಂಬರು ಎಂದರು. ಬೆಟ್ಟವನ್ನೇ ಹತ್ತದ ಮುದುಕರು ಕೂಡ ಪಕ್ಷ ಹಿಡಿದು ಬೀಡಿ ಹಂಚಿಕೊಳ್ಳುವುದನ್ನು ಬಿಟ್ಟರು.

ಸಾಕಮ್ಮ ಒಳ್ಳೆಯವಳು, ಆದರೆ ಹೊತ್ತುಗೊತ್ತು ತಿಳಿಯದವಳು. ಜಗಳ ಆರಲಿ ಎಂದು ಯುಗಾದಿಗೆ ಭಾವನಿಗೆ ಒಂದು ಜೊತೆ ಓಟದ ಶೂ ತಂದಳು. ತಂದವಳು ಮನೆಗೆ ಕೊಡಬಾರದೇ? ಕಟ್ಟೆಗೇ ತಂದು ಕೊಟ್ಟಳು. ಪಾಪಕ್ಕ ಒಲೆಯ ಮೇಲಿನ ಹಾಲು ಉಕ್ಕುವುದನ್ನೂ ಬಿಟ್ಟು ಬಂದು ನಿಂತಳು. ಚೌಡಪ್ಪನ ಮುಖ ಕೆಂಪಾಯಿತು. ಶೂ ಕೈಯಲ್ಲಿ ಮುಟ್ಟಲಿಲ್ಲ. ಮುನೇಶ್ವರನ ಕಲ್ಲಿನ ಮೇಲೆ ಕೈಯಿಟ್ಟ.

"ಬೂಟಿಲ್ಲದೆ ಈ ಬೆಟ್ಟಕ್ಕೆ ಕಾಲಿಟ್ಟರೆ ನನ್ನನ್ನ ಚೌಡಪ್ಪ ಅನ್ನಬೇಡಿ" ಎಂದ.

ತಿಮ್ಮೇಶನೂ ಬಂದು ಅದೇ ಕಲ್ಲಿನ ಮೇಲೆ ಕೈಯಿಟ್ಟು, ಸಾಯುವವರೆಗೂ ಬೂಟಿಗೆ ಕಾಲು ತೂರಿಸುವುದಿಲ್ಲ ಎಂದ. ಮುನೇಶ್ವರ ಏನಂದುಕೊಂಡನೋ. ಅಕ್ಕತಂಗಿಯರಿಗೆ ಮಾತು ನಿಂತಿತು. ಒಂದೇ ನಲ್ಲಿಯಲ್ಲಿ ನೀರು ಹಿಡಿಯುವಾಗ ಒಬ್ಬಳು ಪೂರ್ವಕ್ಕೆ ನೋಡುತ್ತಿದ್ದಳು, ಇನ್ನೊಬ್ಬಳು ಪಶ್ಚಿಮಕ್ಕೆ.

ಆಂಜಿನಮ್ಮ ಮಾತ್ರ ಕಟ್ಟೆಯ ಬುಡದಲ್ಲೇ ಬಿದ್ದಿದ್ದ ಆ ಶೂಗಳನ್ನು ಕತ್ತಲಾದ ಮೇಲೆ ಯಾರಿಗೂ ಕಾಣದ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದು ಹೊಟ್ಟಿನ ಚೀಲದಲ್ಲಿಟ್ಟಳು.

ಒಂದು ದಿನ ಮಟಮಟ ಮಧ್ಯಾಹ್ನ ಊರೆಲ್ಲ ಅಡ್ಡಾಗಿದ್ದ ಹೊತ್ತಿನಲ್ಲಿ ಚೌಡಪ್ಪ ಆ ಚೀಲಕ್ಕೆ ಕೈ ಹಾಕಿದ. ಏನು ಮಹಾ ಇದೆ ನೋಡೋಣ ಎಂದಷ್ಟೇ ಅವನ ಮನಸ್ಸಿನಲ್ಲಿತ್ತು. ಹಾಕಿಕೊಂಡ. ಬೆರಳಿನ ಮುಂದೆ ಹೆಬ್ಬೆಟ್ಟಿನಷ್ಟು ಜಾಗ. ಹಿಮ್ಮಡಿ ಅಲ್ಲಾಡಲಿಲ್ಲ. ಹಿತ್ತಿಲಿನಲ್ಲಿ ಎರಡು ಹೆಜ್ಜೆ ಇಟ್ಟ. ಆಮೇಲೆ ನಾಲ್ಕು. ಆಮೇಲೆ ದನದ ಕೊಟ್ಟಿಗೆಯ ಹಿಂದಿನ ಬಂಡೆಯ ಮೇಲೆ ಹತ್ತಿ ಇಳಿದ. ಕಾಲು ಇಟ್ಟಲ್ಲಿ ನಿಂತಿತು. ನಲವತ್ತೆಂಟರ ಗಂಡಸು ಹಿತ್ತಿಲಿನಲ್ಲಿ ಒಬ್ಬನೇ ಓಡಿದ. ಒಳಗಿನಿಂದ ಆಂಜಿನಮ್ಮ ನೋಡಿದಳು. ನೋಡಿಯೂ ನೋಡದವಳ ಹಾಗೆ ರೊಟ್ಟಿ ತಟ್ಟಿದಳು. ಅದಾದ ಮೇಲೆ ವಾರಕ್ಕೊಮ್ಮೆಯಾದರೂ ಮಧ್ಯಾಹ್ನ ಆ ಚೀಲ ಬಿಚ್ಚಿಕೊಳ್ಳುತ್ತಿತ್ತು.

ಈಗ ಕೇಳು, ಇಲ್ಲಿಂದ ಹೊಲಸು.

ಬಚ್ಚಲಿನ ನೀರು ಹರಿದು ಹಿತ್ತಿಲಿನ ಮಣ್ಣು ಒದ್ದೆಯಾಗಿತ್ತು. ಅದರ ಮೇಲೆ ಓಟದ ಶೂವಿನ ಗುರುತು ಅಚ್ಚೊತ್ತಿದ ಹಾಗೆ ಬಿದ್ದಿತ್ತು. ಪಾಪಕ್ಕ ಕರಿಬೇವು ಕೇಳುವ ನೆಪದಲ್ಲಿ ಹಿತ್ತಿಲಿಗೆ ಬಂದವಳು ಅದನ್ನು ನೋಡಿದಳು. ಕರಿಬೇವು ಕೂಡ ಕಿತ್ತುಕೊಳ್ಳದೆ ವಾಪಸು ಹೋದಳು. ಸಂಜೆಯ ಹೊತ್ತಿಗೆ ಸುದ್ದಿ ಮನೆಮನೆಗೆ ಮುಟ್ಟಿತ್ತು. ಚೌಡಪ್ಪ ಊಟ ಮಾಡಿ ಮಲಗಿದ ಮೇಲೆ ಆಂಜಿನಮ್ಮನ ಹಿತ್ತಿಲಿಗೆ ತಿಮ್ಮೇಶ ಬರುತ್ತಾನಂತೆ. ಹೊರಗೆ ಜಗಳ, ಒಳಗೆ ಬೇರೆಯೇ ವ್ಯವಹಾರ. ನಲ್ಲಿಯ ಹತ್ತಿರ ಸಾಕಮ್ಮ ಪಶ್ಚಿಮಕ್ಕೆ ನೋಡುವುದನ್ನೂ ಬಿಟ್ಟು ಅಕ್ಕನ ಕಾಲ ಬುಡಕ್ಕೆ ಉಗಿದಳು.

ಚೌಡಪ್ಪನಿಗೆ ಈ ಮಾತು ಕಟ್ಟೆಯ ಮೇಲೇ ಮುಟ್ಟಿತು. ಯಾರೋ ಕೆಮ್ಮಿದರು, ಯಾರೋ ನಕ್ಕರು. ಆ ಗುರುತು ನನ್ನದು ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಕಣ್ಣು ಮುನೇಶ್ವರನ ಕಲ್ಲಿನ ಮೇಲೆ ಬಿತ್ತು. ಹಿತ್ತಿಲು ಬೆಟ್ಟವಲ್ಲ, ಆಣೆ ಮುರಿದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೆ ನಗುವವರಿಗೆ ಅಷ್ಟು ಲೆಕ್ಕ ಬೇಕಿಲ್ಲ. ಬೂಟಿನ ಚೌಡಪ್ಪ ಕದ್ದು ಶೂ ಹಾಕುತ್ತಾನಂತೆ ಎಂದರೆ ಮುಗಿಯಿತು. ಅವನು ಎದ್ದು ಬೂಟು ಕಟ್ಟಿಕೊಂಡು ಮನೆಗೆ ಹೋದ. ಮನೆಯಲ್ಲೂ ಸುಮ್ಮನಿದ್ದ. ಆಂಜಿನಮ್ಮ ಮೂರು ದಿನ ಅವನ ಮುಖವನ್ನೇ ನೋಡುತ್ತಿದ್ದಳು. ನಾಲ್ಕನೆಯ ದಿನದಿಂದ ನೋಡುವುದನ್ನು ಬಿಟ್ಟಳು.

ಹೀಗೆ ಮಳೆಗಾಲ ಬಂತು.

ಆವತ್ತು ಪಟ್ಟಣದಿಂದ ನಾಲ್ಕು ಜನ ಬಂದರು. ಬೆಟ್ಟದ ಮೇಲೆ ಗುಡಾರ ಹಾಕಿ ಉಳಿಯಬೇಕು, ಸಾಮಾನು ಭಾರ ಇದೆ ಎಂದರು. ತಿಮ್ಮೇಶನ ಪಾಲಿಗೆ ಬಂತು. ಮೂವತ್ತು ಕೇಜಿಯ ಮೂಟೆ. ಬೂಟು ಹಾಕುವ ದಿನ ಅದು. ಸಾಕಮ್ಮ ಬೇರೆಯವರದ್ದಾದರೂ ಕೇಳಿ ಹಾಕಿಕೊಳ್ಳಿ ಎಂದಳಂತೆ. ಅವನು ಕಟ್ಟೆಯ ಕಡೆ ಒಮ್ಮೆ ನೋಡಿ, ಓಟದ ಶೂವಿನ ದಾರ ಎಳೆದು ಕಟ್ಟಿಕೊಂಡು, ಮೂಟೆ ಹೊತ್ತು ಗೇಟು ದಾಟಿದ.

ಮಧ್ಯಾಹ್ನ ಮೂರು ಗಂಟೆಗೆ ಆ ನಾಲ್ಕೂ ಜನ ಏದುಸಿರು ಬಿಡುತ್ತ ಇಳಿದು ಬಂದರು. ತಿಮ್ಮೇಶ ಬರಲಿಲ್ಲ.

ಬೆಟ್ಟದ ನಡುವೆ ಒಂದು ಹಳ್ಳ ಎರಡು ಕವಲಾಗಿ ಹರಿಯುತ್ತದೆ. ಕವಲುಗಳ ನಡುವೆ ಒಂದು ಚಪ್ಪಟೆ ಬಂಡೆ. ಆ ಬಂಡೆಗೆ ಇಳಿಯುವ ಜಾರುಗಲ್ಲಿನಲ್ಲಿ ಮೂಟೆ ಒಂದು ಕಡೆಗೆ ವಾಲಿ, ತಿಮ್ಮೇಶನ ಗಿಣ್ಣು ಹೊರಳಿತ್ತು. ಟಕ್ಕೆಂದು ಸದ್ದು ಬಂತು, ಎತ್ತಿ ಈಚೆಗೆ ತರಲು ನಮ್ಮ ಕೈಲಾಗಲಿಲ್ಲ ಎಂದು ಪಟ್ಟಣದವರು ಹೇಳಿದರು. ಬಂಡೆಯ ಮೇಲೆ ಕೂತವನು ಬೆಟ್ಟದ ತಲೆಯ ಮೇಲಿನ ಮೋಡ ನೋಡಿ, ನೀವು ಇಳಿಯಿರಿ, ಚೌಡಪ್ಪನಿಗೆ ಹೇಳಿ ಎಂದು ಕಳಿಸಿದ್ದ.

ಮೇಲೆ ಮಳೆ ಶುರುವಾಗಿತ್ತು. ಊರಿನಲ್ಲಿ ಒಂದು ಹನಿ ಇಲ್ಲ. ಆದರೆ ಆ ಹಳ್ಳದ ಸ್ವಭಾವ ಊರಿಗೆಲ್ಲ ಗೊತ್ತು. ಮೇಲೆ ಬಿದ್ದ ನೀರು ಒಂದೂವರೆ ಗಂಟೆಯಲ್ಲಿ ಚಪ್ಪಟೆ ಬಂಡೆ ಮುಳುಗಿಸುತ್ತದೆ. ಪಟ್ಟಣದಿಂದ ಹಗ್ಗದವರು ಬರಲು ಮೂರು ಗಂಟೆ ಬೇಕು. ನೀರು ಏರುವಾಗ ಆ ಕವಲನ್ನು ಎಲ್ಲಿ ದಾಟಬೇಕು ಎಂಬುದು ಇಬ್ಬರಿಗೇ ಗೊತ್ತು. ಒಬ್ಬ ಬಂಡೆಯ ಮೇಲೆ ಕೂತಿದ್ದ. ಇನ್ನೊಬ್ಬ ಚೌಡಪ್ಪ.

ಸಾಕಮ್ಮ ಅಕ್ಕನ ಮನೆ ಬಾಗಿಲಿಗೆ ಬಂದು ನಿಂತಳು. ಅಳಲಿಲ್ಲ. ಹೊಸಿಲು ದಾಟಲಿಲ್ಲ.

"ಭಾವ, ನೀವು ಬಂದರೆ ಅವರು ಉಳೀತಾರೆ" ಎಂದಳು. ಅಷ್ಟೇ ಹೇಳಿ ಗೋಡೆ ಹಿಡಿದುಕೊಂಡಳು.

ಚೌಡಪ್ಪ ಹಗ್ಗ ಎತ್ತಿಕೊಂಡ. ಬಾಗಿಲಿನ ಪಕ್ಕ ಬೂಟು ಇತ್ತು. ಕೈ ಅತ್ತ ಹೋಯಿತು, ನಿಂತಿತು. ಗೇಟಿನಿಂದ ಹಳ್ಳದವರೆಗೆ ನೇರ ದಾರಿ, ಬೋಳು ಬಂಡೆ, ಮುಕ್ಕಾಲು ಗಂಟೆಯ ನಡಿಗೆ. ಮೇಲಿನ ಅರ್ಧ ಒದ್ದೆಯಾಗಿರುತ್ತದೆ. ಸವೆದ ಬೂಟಿನ ಅಟ್ಟೆ ಅಲ್ಲಿ ಜಾರುತ್ತದೆ. ಆಮೇಲೆ ಹಳ್ಳ. ಬೂಟಿನೊಳಗೆ ನೀರು ನುಗ್ಗಿದರೆ ನಡುನೀರಿನಲ್ಲಿ ಕಾಲು ಏಳುವುದಿಲ್ಲ. ಅವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಷ್ಟರಲ್ಲಿ ಆಂಜಿನಮ್ಮ ಒಳಗಿನಿಂದ ಆ ಶೂ ತಂದು ಅವನ ಮುಂದಿಟ್ಟಳು. ಇನ್ನೂ ಹೊಟ್ಟು ಅಂಟಿತ್ತು. ಸಾಕಮ್ಮ ಶೂ ನೋಡಿದಳು. ಅದರ ಅಟ್ಟೆಗೆ ಮೆತ್ತಿದ ಹಿತ್ತಿಲಿನ ಮಣ್ಣು ನೋಡಿದಳು. ಅಕ್ಕನ ಮುಖ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು.

"ಹಾಕ್ಕೊಂಡು ಹೋಗು" ಎಂದಳು ಆಂಜಿನಮ್ಮ.

"ಕಟ್ಟೆ ಹತ್ರ ಊರೆಲ್ಲ ನಿಂತಿದೆ ಕಣೆ."

"ನನ್ನ ಹೆಸರು ಆ ಕಟ್ಟೆ ಮೇಲೆ ಹರಿದು ಚಿಂದಿ ಆಯ್ತು. ಆಗಲೂ ಊರೆಲ್ಲ ನಿಂತಿತ್ತು. ನಾನು ಸತ್ತೆನಾ?"

ಚೌಡಪ್ಪ ಬೂಟು ಕಟ್ಟಿಕೊಂಡ. ಶೂಗಳನ್ನು ಚೀಲದಲ್ಲಿ ಹಗ್ಗದ ಕೆಳಗೆ ತುರುಕಿದ. ಆಂಜಿನಮ್ಮ ಅದನ್ನು ನೋಡಿ ಒಳಗೆ ಹೋದಳು.

ಕಟ್ಟೆಯ ಹತ್ತಿರ ಜಾತ್ರೆಯಷ್ಟು ಜನ. ಪಟ್ಟಣದವರ ದುರ್ಬೀನು ಕೈಯಿಂದ ಕೈಗೆ ಹೋಗುತ್ತಿತ್ತು. ಅದರಲ್ಲಿ ನೋಡಿದರೆ ಬಂಡೆಯ ಮೇಲಿನ ತಿಮ್ಮೇಶ ಹೆಸರುಕಾಳಿನಷ್ಟು ಕಾಣುತ್ತಿದ್ದ. ಬೋಳು ಬಂಡೆಯ ದಾರಿ ಪೂರಾ ಕಾಣುತ್ತಿತ್ತು. ಒಂದು ಗಿಡ ಇಲ್ಲ, ಮರೆಯಿಲ್ಲ. ಜನ ಚೌಡಪ್ಪನಿಗೆ ದಾರಿ ಬಿಟ್ಟರು. ಬಿಡುವಾಗ ಎಲ್ಲರ ಕಣ್ಣೂ ತನ್ನ ಕಾಲಿನ ಮೇಲೆ ಬಿತ್ತು ಎಂದು ಅವನಿಗನ್ನಿಸಿತು. ಬೂಟಿನವನು ಬೂಟಿನಲ್ಲೇ ಹೊರಟ ನೋಡು ಎಂದು ಯಾರೋ ಅಂದ ಹಾಗೂ ಅನ್ನಿಸಿತು. ಅಂದರೋ ಇಲ್ಲವೋ.

ಡೋಲಿ ಹೊರಲು ನಾಲ್ಕು ಗಂಡಸರು ಸಿದ್ಧವಾಗಿದ್ದರು. ಸೀಟಿ ಊದಿದಾಗ ಬನ್ನಿ ಎಂದು ಹೇಳಿ ಚೌಡಪ್ಪ ಗೇಟು ದಾಟಿದ. ಹತ್ತು ಮಾರು ಹೋಗಿ ನಿಂತ. ಬಂಡೆಯ ದಾರಿ ಎದುರಿಗಿತ್ತು. ಬಲಗಡೆಗೆ ಒಂದು ಸುತ್ತುದಾರಿ. ಅದು ಆನೆಗುಂಡು ಎಂಬ ದೊಡ್ಡ ಕಲ್ಲಿನ ಹಿಂದೆ ಹೋಗಿ, ಕೊರಕಲಿನಲ್ಲಿ ಹತ್ತಿ, ಹಳ್ಳದ ದಡಕ್ಕೆ ಮುಟ್ಟುತ್ತದೆ. ದನ ಕಾಯುವವರ ದಾರಿ. ಅರ್ಧ ಗಂಟೆ ಹೆಚ್ಚು. ಅಲ್ಲಿ ಯಾರ ಕಣ್ಣೂ ಮುಟ್ಟುವುದಿಲ್ಲ. ನೀರಿಗಿಳಿದ ಮೇಲೆ ಕಾಲಿನಲ್ಲಿ ಏನಿದೆ ಎಂದು ಯಾವ ದುರ್ಬೀನಿಗೂ ಕಾಣುವುದಿಲ್ಲ. ಇಳಿಯುವಾಗ ಮತ್ತೆ ಬೂಟು ಹಾಕಿಕೊಂಡರಾಯಿತು. ನೋಡು, ಎಷ್ಟು ಚೆನ್ನಾಗಿ ಯೋಚಿಸಿದ.

ಬಂಡೆ ಒದ್ದೆ ಇದೆ, ಸುತ್ತಿ ಹೋಗ್ತೀನಿ ಎಂದು ಕೂಗಿ ಹೇಳಿದ. ಅವನಿಗಿಂತ ಬಲ್ಲವರು ಯಾರು? ಎಲ್ಲರೂ ತಲೆ ಆಡಿಸಿದರು.

ಅವನು ಓಡಿದ. ಬೂಟಿನಲ್ಲಿ ಎಷ್ಟು ಓಡಬಹುದೋ ಅಷ್ಟು. ಆನೆಗುಂಡಿನ ಹಿಂದೆ ಕೂತು ಬೂಟಿನ ದಾರಕ್ಕೆ ಕೈ ಹಾಕಿದ. ಅವಸರದಲ್ಲಿ ಗಂಟು ಬಿಗಿಯಿತು. ಹಲ್ಲಿನಿಂದ ಕಚ್ಚಿ ಎಳೆದ. ಮೇಲಿನಿಂದ ಮಳೆಯ ಸದ್ದು ಇಳಿದು ಬರುತ್ತಿತ್ತು. ಎಡಗಾಲಿನದು ಬಿಚ್ಚಿತು, ಬಲಗಾಲಿನದು ಬಿಚ್ಚಲಿಲ್ಲ. ಕಲ್ಲಿನಿಂದ ಜಜ್ಜಿ ಕತ್ತರಿಸಿದ. ಶೂ ಹಾಕಿಕೊಂಡ. ಬೂಟುಗಳನ್ನು ಪೊದೆಯಲ್ಲಿ ಬಚ್ಚಿಟ್ಟ. ಬಚ್ಚಿಟ್ಟದ್ದು ಕಾಣುತ್ತದೆಯೋ ಎಂದು ಎರಡು ಹೆಜ್ಜೆ ಹಿಂದೆ ಬಂದು ನೋಡಿ, ಮೇಲೆ ಎರಡು ಸೊಪ್ಪು ಮುರಿದು ಹಾಕಿದ.

ಆಮೇಲೆ ಕೊರಕಲು ಹತ್ತಿದ. ಕಾಲು ಹಗುರವಾಗಿತ್ತು. ಒದ್ದೆ ಕಲ್ಲಿನ ಮೇಲೆ ಇಟ್ಟ ಹೆಜ್ಜೆ ಅಲ್ಲೇ ಕಚ್ಚಿಕೊಳ್ಳುತ್ತಿತ್ತು. ಇದನ್ನೇ ಹಾಕಿಕೊಂಡು ನೇರ ದಾರಿಯಲ್ಲಿ ಬಂದಿದ್ದರೆ ಇಷ್ಟು ಹೊತ್ತಿಗೆ ಮುಟ್ಟಿರುತ್ತಿದ್ದೆ ಎಂಬ ಯೋಚನೆ ಒಮ್ಮೆ ಬಂತು. ಅದನ್ನು ಅವನು ಪೂರ್ತಿ ಬರಲು ಬಿಡಲಿಲ್ಲ.

ಹಳ್ಳದ ದಡಕ್ಕೆ ಬಂದಾಗ ಚಪ್ಪಟೆ ಬಂಡೆ ಇರಲಿಲ್ಲ. ಕೆಂಪು ನೀರು ಇತ್ತು. ನೀರಿನ ನಡುವೆ ತಿಮ್ಮೇಶನ ತಲೆ ಮತ್ತು ಎದೆ ಇತ್ತು. ಅವನು ಬಂಡೆಯ ಸಂದಿನಲ್ಲಿ ಬೆಳೆದ ಹೊಂಗೆಯ ಗಿಡವನ್ನು ತಬ್ಬಿ ಹಿಡಿದಿದ್ದ. ಅವನ ಪಕ್ಕಕ್ಕೆ ಒಂದು ದೊಡ್ಡ ಮರದ ದಿಮ್ಮಿ ಸಿಕ್ಕಿಕೊಂಡು ನೀರಿನಲ್ಲಿ ಅಲ್ಲಾಡುತ್ತಿತ್ತು. ಅಲ್ಲಾಡಿದಾಗಲೆಲ್ಲ ತಿಮ್ಮೇಶನ ಬಾಯಿ ತೆರೆಯುತ್ತಿತ್ತು. ನೀರಿನ ಸದ್ದಿನಲ್ಲಿ ಕೂಗು ಕೇಳಿಸುತ್ತಿರಲಿಲ್ಲ.

ಚೌಡಪ್ಪ ಹಗ್ಗವನ್ನು ದಡದ ಮರಕ್ಕೆ ಕಟ್ಟಿ, ಸೊಂಟಕ್ಕೆ ಬಿಗಿದು ನೀರಿಗಿಳಿದ. ಕಾಲಿನ ಕೆಳಗೆ ಬಂಡೆ ಸಿಕ್ಕಿತು. ನೀರು ಶೂವಿನೊಳಗೆ ಬಂತು, ಹೋಯಿತು. ಒಂದೊಂದೇ ಹೆಜ್ಜೆ. ಎರಡು ಸಲ ನೀರು ಎಳೆಯಿತು, ಎರಡು ಸಲವೂ ಕಾಲು ನಿಂತಿತು. ದಿಮ್ಮಿಗೆ ಭುಜ ಕೊಟ್ಟು ನೂಕಿದ. ಮೂರನೆಯ ಸಲಕ್ಕೆ ಅದು ಬಿಡಿಸಿಕೊಂಡು ತೇಲಿ ಹೋಯಿತು. ತಿಮ್ಮೇಶನನ್ನು ಬೆನ್ನಿಗೆ ಕಟ್ಟಿಕೊಂಡು ದಡಕ್ಕೆ ಬಂದ. ಇಳಿಸಿ ನೋಡಿದ. ಒಂದು ಕಾಲು ಮೊಣಕಾಲಿನ ಕೆಳಗೆ ಕಾಲಿನ ಹಾಗಿರಲಿಲ್ಲ.

ಸೀಟಿ ಊದಿದ. ಪಂಚೆ ಹರಿದು ಕಾಲಿಗೆ ಸುತ್ತಿದ.

ತಿಮ್ಮೇಶನಿಗೆ ಪ್ರಜ್ಞೆ ಇತ್ತು. ಅವನ ಕಣ್ಣು ಚೌಡಪ್ಪನ ಕಾಲಿನ ಮೇಲಿತ್ತು. ಶೂ ನೋಡಿದ. ನಗಲಿಲ್ಲ.

"ಅಣ್ಣ, ನೀನು ಗೇಟು ದಾಟಿದ್ದು ನಾನು ಇಲ್ಲಿಂದ ನೋಡಿದೆ" ಎಂದ. "ಆಗ ನೀರು ಬಂಡೆ ಹತ್ತಿರಲಿಲ್ಲ. ಅಣ್ಣ ಬಂದ ಅಂತ ಅಂದ್ಕೊಂಡೆ. ಆಮೇಲೆ ನೀನು ಕಾಣಲೇ ಇಲ್ಲ. ಎಲ್ಲಿ ಹೋದೆ?"

ಚೌಡಪ್ಪ ಪಂಚೆಯ ಗಂಟು ಬಿಗಿದ. ಬಿಗಿದಿದ್ದ ಗಂಟನ್ನೇ ಮತ್ತೆ ಬಿಗಿದ.

"ದಿಮ್ಮಿ ಬಡಿದು ಎಷ್ಟು ಹೊತ್ತಾಯ್ತು?" ಎಂದು ಕೇಳಿದ.

"ಈಗ. ನೀನು ಕೊರಕಲಿಂದ ತಲೆ ಎತ್ತಿದೆಯಲ್ಲ, ಅದಕ್ಕೆ ಒಂಚೂರು ಮುಂಚೆ."

ಡೋಲಿಯವರು ಬಂದರು. ಎಲ್ಲರೂ ಸೇರಿ ನೇರ ದಾರಿಯಲ್ಲೇ ಇಳಿದರು. ಚೌಡಪ್ಪ ಡೋಲಿಯ ಮುಂದಿನ ಕೊನೆಗೆ ಹೆಗಲು ಕೊಟ್ಟಿದ್ದ. ಆನೆಗುಂಡಿನ ಕಡೆಗೆ ತಿರುಗಿ ಕೂಡ ನೋಡಲಿಲ್ಲ. ಬೋಳು ಬಂಡೆಯ ಮೇಲೆ, ಊರಿನ ಎಲ್ಲ ಕಣ್ಣುಗಳ ಎದುರಿಗೆ, ಓಟದ ಶೂ ಹಾಕಿಕೊಂಡು ಇಳಿದ. ಗೇಟು ದಾಟಿದ. ಕಟ್ಟೆಯ ಮುಂದೆ ಹಾದು ಹೋದ. ಯಾರೂ ಅವನ ಕಾಲು ನೋಡಲಿಲ್ಲ. ಪಾಪಕ್ಕ ಕೂಡ ನೋಡಲಿಲ್ಲ. ಅವಳು ಅಂಗಡಿಯ ಕಂಬಳಿ ತಂದು ತಿಮ್ಮೇಶನಿಗೆ ಹೊದಿಸಿ, ಬಾಯಿಗೆ ಬಿಸಿ ಹಾಲು ಹನಿಸುತ್ತಿದ್ದಳು. ಅವಳ ಕಣ್ಣಿನಲ್ಲಿ ನೀರಿತ್ತು.

ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಅರ್ಧ ಗಂಟೆ ಮುಂಚೆ ನೀರಿನಿಂದ ಎತ್ತಿದ್ದರೆ ಬರೀ ಗಿಣ್ಣಿಗೆ ಪಟ್ಟಿ ಕಟ್ಟಿ ಕಳಿಸುತ್ತಿದ್ದೆವು ಎಂದು ಡಾಕ್ಟರು ಹೇಳಿದರು. ಅವರು ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದೆ ಹೇಳಿದರು. ಎದುರಿಗೆ ನಿಂತಿದ್ದವನು ಚೌಡಪ್ಪ.

ತಿಂಗಳಾದ ಮೇಲೆ ಚೌಡಪ್ಪ ಕಟ್ಟೆಯ ಮುಂದೆ ನಿಂತು, ಹಿತ್ತಿಲಿನ ಗುರುತು ನನ್ನದು, ನನ್ನ ಹೆಂಡತಿ ಚಿನ್ನದಂಥವಳು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಆನೆಗುಂಡಿನ ಹಿಂದೆ ಏನು ಮಾಡಿದೆ ಎಂಬುದನ್ನೂ ಹೇಳಿದ. ತಿಮ್ಮೇಶ ಊರುಗೋಲು ಹಿಡಿದು ಅಲ್ಲೇ ಕೂತಿದ್ದ. ಊರಿನವರು ಅಯ್ಯೋ ಪಾಪ ಎಂದರು. ಅವರಿಗೆ ಅಷ್ಟು ಹೊತ್ತಿಗೆ ಅರಣ್ಯದ ಗಾರ್ಡಿನ ಹೊಸ ಹೆಂಡತಿಯ ಸುದ್ದಿ ಸಿಕ್ಕಿತ್ತು. ಅದನ್ನು ಮುಂದುವರಿಸಿದರು. ಆಂಜಿನಮ್ಮ ಕೇಳಿಸಿಕೊಂಡಳು. ತಂಗಿಯ ಮನೆಗೆ ಎರಡು ಕೊಡ ನೀರು ಹೊತ್ತು ಹಾಕಿ ಬಂದಳು.

ಸಿದ್ದಮ್ಮ ಇಲ್ಲಿಗೆ ಕತೆ ನಿಲ್ಲಿಸಿ, ಮೊರ ಕೊಡವಿ, ಜೊಳ್ಳು ತೆಗೆದರು.

ನಾಗಲಿಂಗ ಕೈಯಲ್ಲಿದ್ದ ಕಾಯಿಯನ್ನು ಸುಲಿದಿರಲಿಲ್ಲ.

"ಭಾರ ಇದ್ದರೆ ಬೂಟು, ನೀರಿದ್ದರೆ ಶೂ. ಅದು ಗೊತ್ತಾಯಿತು ಅಮ್ಮ" ಎಂದ. "ಆದರೆ ನನ್ನಂಥವನಿಗೆ ಯಾವುದು ಸರಿ? ನೇಮ ಬಿಗಿ ಮಾಡಲೋ, ಸಡಿಲ ಬಿಡಲೋ?"

ಸಿದ್ದಮ್ಮ ತಲೆ ಎತ್ತಿ ಅವನನ್ನೇ ನೋಡಿದರು.

"ಅದಿರಲಿ ಕಣಪ್ಪ, ನೀನು ಒಪ್ಪತ್ತೇ ಉಣ್ಣೋದು ಅಂತ ಹಾಲು ಹಾಕೋ ಹೆಂಗಸಿಗೆ ನಾನಂತೂ ಹೇಳಿಲ್ಲ, ಹೇಳಿದ್ದು ಯಾರು?"